ಬಾಲ ನೋಡದೆ ಗೇಟು ಎತ್ತದ ಹಜೀರಾಬಿ

ಕೋಳಿ ಇನ್ನೂ ರೆಕ್ಕೆ ಕೊಡವೋ ಹೊತ್ತಿಗೆ ಹಜೀರಾಬಿ ಹಸಿರು ಬಾವುಟ ಹಿಡ್ಕೊಂಡು ಹಳಿ ಪಕ್ಕ ನಿಂತವ್ಳೆ. ತಲೆ ಮೇಲೆ ಸೆರಗು, ಸೆರಗಿನ ಮೇಲೆ ಮಫ್ಲರು, ಮೈಮೇಲೆ ರೈಲ್ವೆಯವರು ಕೊಟ್ಟ ಕಿತ್ತಳೆ ಬಣ್ಣದ ಕೋಟು. ಆ ಕೋಟೊಳಗೆ ಇನ್ನೂ ಇಬ್ಬರು ಹಜೀರಾಬಿ ಹಿಡೀತಾರೆ. ಅಜ್ಜಂಪುರ ದಾಟಿ ಬೀರೂರಿನ ಕಡೆ ಬಂದ್ರೆ ಇವಳ ಗೇಟು. ಸುತ್ತ ಎಲ್ಲಿ ಕಣ್ಣು ಹಾಯ್ಸಿದ್ರೂ ಬೋಳು ಬಯಲು. ನೆರಳು ಬೇಕು ಅಂದ್ರೆ ಕರೆಂಟ್ ಕಂಬದ್ದೇ ಗತಿ. ಗಾಳಿ ಎದ್ದರೆ ಎಮ್ಮೆದೊಡ್ಡಿ ಕಾವಲಿನ ಧೂಳೆಲ್ಲ ವಿಳಾಸ ಕೇಳ್ಕೊಂಡು ಬಂದು ಇವಳ ಚಾ ಲೋಟಕ್ಕೇ ಬೀಳ್ತದೆ.

“ಬಂತು” ಅಂತಾಳೆ. ನಮ್ಮ ನಿಮ್ಮ ಕಿವಿಗೆ ಏನೂ ಕೇಳಲ್ಲ. ಅವಳಿಗೆ ಅಂಗಾಲಲ್ಲೇ ಗೊತ್ತಾಗ್ತದೆ. ಆಮೇಲೆ ನಿಧಾನಕ್ಕೆ ಗೂಡ್ಸ್ ಗಾಡಿ ಬತ್ತದೆ. ಅದೆಷ್ಟು ಉದ್ದ ಅಂದ್ರೆ, ಇಂಜಿನ್ನು ಬೀರೂರಲ್ಲಿ ಕಾಫಿ ಕುಡೀತಿದ್ರೆ ಕೊನೇ ಡಬ್ಬಿ ಶಿವನಿಯಲ್ಲಿ ಇನ್ನೂ ಮುಖ ತೊಳೀತಿರ್ತದೆ.

ಗೇಟಲ್ಲಿ ನಿಂತ ಜನ ಎಲ್ಲ ಇಂಜಿನ್ ನೋಡ್ತಾರೆ. ಹಜೀರಾಬಿ ಮಾತ್ರ ಚಕ್ರ ನೋಡ್ತಾಳೆ. ಯಾವ್ದಾದ್ರೂ ಚಕ್ರ ಕಾದು ಹೊಗೆ ಬತ್ತಿದೆಯಾ, ಸರಪಳಿ ಜೋತು ಬಿದ್ದಿದೆಯಾ, ಬಾಗಿಲು ಬಾಯಿ ಬಿಟ್ಟಿದೆಯಾ ಅಂತ. ಸರಿಯಿಲ್ಲ ಅಂದ್ರೆ ಕೆಂಪು ಬಾವುಟ ತೋರ್ಸಿ ಅಷ್ಟು ದೊಡ್ಡ ಗಾಡೀನ ನಿಲ್ಲಿಸ್ಬೇಕು.

“ಪ್ಯಾಸೆಂಜರಲ್ಲಿ ಜನ ಇರ್ತಾರೆ, ಏನಾದ್ರೂ ಆದ್ರೆ ಬಾಯಿ ಬಡ್ಕೊಂತಾರೆ. ಗೂಡ್ಸಿಗೆ ಬಾಯಿಲ್ಲ ಕಣ್ರೀ, ಮೂಕ ಪ್ರಾಣಿ. ಅದರ ಸಂಕಟ ನಾವೇ ನೋಡಿ ತಿಳ್ಕೋಬೇಕು” ಅಂತಾಳೆ ಹಜೀರಾಬಿ.

ಚಕ್ರ ನೋಡಿದ್ರೆ ಮುಗೀಲಿಲ್ಲ, ಬಾಲಾನೂ ನೋಡ್ಬೇಕು. ಕೊನೇ ಡಬ್ಬಿ ಬೆನ್ನಿಗೆ ‘ಎಲ್.ವಿ.’ ಅಂತ, ಅಂದ್ರೆ ಲಾಸ್ಟ್ ವೆಹಿಕಲ್ ಅಂತ, ಬರೆದ ಒಂದು ಬೋರ್ಡು ನೇತು ಹಾಕಿರ್ತಾರೆ. ಅದು ಕಂಡ್ರೆ ಗಾಡಿ ಪೂರ್ತಿ ಬಂತು ಅಂತ. ಕಾಣದಿದ್ರೆ ನಡುವೆ ಎಲ್ಲೋ ಕೊಂಡಿ ಕಳಚಿ ಅರ್ಧ ಗಾಡಿ ಹಿಂದೆ ಉಳ್ಕೊಂಡಿರಬಹುದು ಅಂತ. ಹಂಗಾದಾಗ ಸ್ಟೇಷನ್ನಿಂದ ಹೇಳೋ ತನಕ ಗೇಟು ಎತ್ತಂಗಿಲ್ಲ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ಹಜೀರಾಬಿಗೆ ಇಂಗ್ಲಿಷಲ್ಲಿ ಬರೋದೇ ಆ ಎರಡು ಅಕ್ಷರ. ಕಡೂರಲ್ಲಿ ಕಾಲೇಜು ಓದೋ ಮಗಳು ಮದೀಹಾ, “ಅಮ್ಮೀ, ಇನ್ನು ಇಪ್ಪತ್ನಾಕೇ ಬಾಕಿ, ಕಲ್ತುಬಿಡು” ಅಂತ ರೇಗಿಸ್ತಾಳೆ. “ಅವು ಗಾಡಿ ಹಿಂದೆ ಬರ್ಲಿ, ಕಲೀತೀನಿ” ಅಂತಾಳೆ ಇವಳು.

ಗಂಡ ಮುಕ್ತಿಯಾರ್ ಇದೇ ಹಳೀಲಿ ರಿಪೇರಿ ಕೆಲಸದ ಗ್ಯಾಂಗ್‌ಮನ್ ಆಗಿದ್ದ. ಒಂದು ಬೇಸಿಗೆ ಮಧ್ಯಾಹ್ನ ಎದೆ ನೋವು ಅಂತ ಕೂತವನು ಏಳಲಿಲ್ಲ. ಅವನ ಬದ್ಲು ಇವಳಿಗೆ ಈ ಗೇಟಿನ ಕೆಲಸ ಕೊಟ್ರು. ಹನ್ನೆರಡು ವರ್ಷ ಆಯ್ತು. ದಿನಕ್ಕೆ ಹನ್ನೆರಡು ಗಂಟೆ ಡ್ಯೂಟಿ, ಇಪ್ಪತ್ತು ಇಪ್ಪತ್ತೆರಡು ಗೂಡ್ಸು, ಅದರ ಮೇಲೆ ಪ್ಯಾಸೆಂಜರು. ಗೇಟನ್ನ ಐವತ್ತು ಸಲ ಎತ್ತಿ ಐವತ್ತು ಸಲ ಇಳಿಸ್ಬೇಕು. ಕುಡಿಯೋ ನೀರು ಮನೆಯಿಂದ. ಏಪ್ರಿಲಲ್ಲಿ ಹಳಿ ಮೇಲೆ ಹಿಟ್ಟು ತಟ್ಟಿದ್ರೆ ರೊಟ್ಟಿ ತಾನೇ ಮಗುಚ್ಕೊಂಡು ಬೇಯ್ತದೆ. ಗೇಟಲ್ಲಿ ಕಾಯೋರ ಬೈಗಳಕ್ಕಂತೂ ಬರ ಇಲ್ಲ. “ಏನಮ್ಮಾ, ನಿದ್ದೆ ಮಾಡ್ತಿದೀಯಾ?” ಅನ್ನೋದು ಅದರಲ್ಲಿ ಮರ್ಯಾದಸ್ತರ ಬೈಗಳ.

ಹೋದ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನಡೆದದ್ದು ಕೇಳಿ. ಕಲ್ಲಿದ್ದಲಿನ ಗೂಡ್ಸು ಬಂತು. ಈಗ ಕೆಲವು ಗೂಡ್ಸಿಗೆ ಹಿಂದೆ ಗಾರ್ಡಿನ ಡಬ್ಬೀನೇ ಇರಲ್ಲ, ಗಾರ್ಡೂ ಮುಂದೆ ಇಂಜಿನ್ನಲ್ಲೇ ಕೂತಿರ್ತಾನೆ. ಇದೂ ಅಂಥದ್ದೇ. ಹಜೀರಾಬಿ ಒಂದೊಂದೇ ಚಕ್ರ ನೋಡಿದ್ಲು. ಎಲ್ಲ ಸರಿ. ಕೊನೇ ಡಬ್ಬಿ ದಾಟಿತು. ಬೆನ್ನು ಬೋಳು. ಬೋರ್ಡಿಲ್ಲ!

ಅವಳ ಎದೆ ಇಂಜಿನ್ನಿಗಿಂತ ಜೋರಾಗಿ ಹೊಡ್ಕೊಂತು. ಓಡಿಹೋಗಿ ಫೋನೆತ್ತಿ ಸ್ಟೇಷನ್ ಮಾಸ್ಟರಿಗೆ, “ಸಾರ್, ಗಾಡಿಗೆ ಬಾಲ ಇಲ್ಲ ಸಾರ್!” ಅಂದ್ಲು.

“ಸರಿಯಾಗಿ ನೋಡಿದ್ರೇನಮ್ಮ?”

“ನನ್ನ ಮದುವೇಲಿ ಗಂಡಿನ ಮುಖಾನೂ ಇಷ್ಟು ಸರಿಯಾಗಿ ನೋಡಿರ್ಲಿಲ್ಲ ಸಾರ್.”

“ಹಂಗಾದ್ರೆ ಗೇಟ್ ಎತ್ತಬೇಡಿ. ಮುಂದಿನ ಸ್ಟೇಷನ್ನಲ್ಲಿ ಗಾಡಿ ನಿಲ್ಲಿಸಿ ಡಬ್ಬಿ ಎಣಿಸ್ತೀವಿ.”

ಅಷ್ಟೊತ್ತಿಗೆ ಗೇಟಿನ ಮುಂದೆ ತಿರುಪತಿ ಸಾಲು. ಅದನ್ನೆಲ್ಲ ಸೀಳ್ಕೊಂಡು ಒಂದು ಓಮ್ನಿ ಮುಂದಕ್ಕೆ ಬಂತು. ಒಳಗೆ ಅಶ್ವಿನಿ ಅನ್ನೋ ಹುಡುಗಿ, ಚೊಚ್ಚಲು, ನೋವು ಶುರುವಾಗಿ ಎರಡು ಗಂಟೆ ಆಗಿದೆ. ಅತ್ತೆ ಕಾಶಮ್ಮನ ತೊಡೆ ಮೇಲೆ ತಲೆ ಇಟ್ಟು ನರಳ್ತಾ ಅವ್ಳೆ. ಹೋಗ್ಬೇಕಾದ್ದು ತರೀಕೆರೆ ಆಸ್ಪತ್ರೆಗೆ. ಗಂಡ ಮಹೇಂದ್ರ ಇಳಿದವನೇ, “ರೈಲು ಹೋಯ್ತಲ್ಲಮ್ಮ, ಇನ್ನೇನು ನಿಮ್ಮಪ್ಪ ಬರ್ತಾನಾ? ಎತ್ತು ಗೇಟು!” ಅಂತ ಕೂಗಿದ.

“ಅರ್ಧ ರೈಲು ಹಿಂದೆ ಇರಬಹುದಪ್ಪ. ಅಜ್ಜಂಪುರದ ಕಡೆಯಿಂದ ಇಳಿಜಾರು. ಇಂಜಿನ್ ಇಲ್ದೆ ಉರುಳ್ಕೊಂಡು ಬಂದ್ರೆ ಹಾರ್ನೂ ಇಲ್ಲ, ಬ್ರೇಕೂ ಇಲ್ಲ.”

“ನನ್ನ ಸೊಸೆ ಸಾಯ್ತಾಳೆ ಕಣೇ! ನೀನೂ ಹೆತ್ತೋಳು ತಾನೇ? ನಿನ್ನ ಕೈ ಸೇದೋಗ!” ಅಂದ್ಲು ಕಾಶಮ್ಮ.

ಹಜೀರಾಬಿ ಒಂದು ಸಲ ಹಳಿ ನೋಡಿದ್ಲು, ಒಂದು ಸಲ ಓಮ್ನಿ ನೋಡಿದ್ಲು. ಗೇಟು ಎತ್ತಿದ್ರೆ ಎರಡೂ ಕಡೆಯ ಗಾಡಿಗಳು ಒಟ್ಟಿಗೆ ನುಗ್ಗಿ ಹಳಿ ಮೇಲೇ ಸಿಕ್ಕಾಕ್ಕೊಂತವೆ, ಇದು ಅವಳು ದಿನಾ ನೋಡೋ ಸಂಗತಿ. ಆಗ ಬಾಲ ಬಂದ್ರೆ ಒಬ್ಬಳಲ್ಲ, ಮೂವತ್ತು ಜನ. ಎತ್ತದಿದ್ರೆ ಎದುರಿಗೇ ಎರಡು ಜೀವ.

ಆಚೆ ಕಡೆ ತಿರುಗಿ ನೋಡಿದ್ಲು. ಈರುಳ್ಳಿ ತುಂಬೋಕೆ ಹೊರಟ ಲಕ್ಕಣ್ಣನ ಖಾಲಿ ಟೆಂಪೋ ಸಾಲಿನ ಮೊದಲಲ್ಲೇ ನಿಂತಿತ್ತು.

“ಲೇ ಲಕ್ಕಣ್ಣ! ಗಾಡಿ ತಿರುಗ್ಸೋ! ಮೂತಿ ತರೀಕೆರೆ ಕಡೆಗೆ!”

“ಯಾಕಕ್ಕ? ನಂಗೆ ಈರುಳ್ಳಿ...”

“ಈರುಳ್ಳಿ ಹೆರಿಗೆ ಆಗಲ್ಲ ಕಣೋ, ತಿರುಗ್ಸು!”

ಆಮೇಲೆ ಕೆಂಪು ಬಾವುಟ ಹಿಡ್ಕೊಂಡು ಹಳಿ ನಡುವೆ ಹೋಗಿ ಅಜ್ಜಂಪುರದ ಕಡೆ ಮುಖ ಮಾಡಿ ನಿಂತ್ಲು. ಬೋಳು ಬಯಲಲ್ಲಿ ಹಳಿ ನೆಟ್ಟಗೆ ಎರಡು ಮೈಲಿ ಕಾಣ್ತದೆ, ಇಲಿ ದಾಟಿದ್ರೂ ಮೀಸೆ ಎಣಿಸಬಹುದು. “ಗಾಡಿಗಳಿಗೆ ದಾರಿ ಇಲ್ಲ, ಕಾಲಿಗೆ ಇದೆ. ಇಪ್ಪತ್ತು ಹೆಜ್ಜೆ. ಬಾಲ ಕಂಡ್ರೆ ನಾನು ಕೂಗ್ತೀನಿ. ಎತ್ಕೊಳ್ರೋ ಅವಳನ್ನ!” ಅಂತ ಕೂಗಿದ್ಲು. ಅಲ್ಲಿವರೆಗೆ ಬೈತಾ ನಿಂತಿದ್ದ ನಾಲ್ಕು ಗಂಡಸರೇ ಜಮಖಾನೆ ಬಿಚ್ಚಿ ಅಶ್ವಿನೀನ ಮಲಗ್ಸಿ, ಗೇಟಿನ ಪಕ್ಕದ ಸಂದೀಲಿ ನುಗ್ಗಿ ಹಳಿ ದಾಟಿದ್ರು. ಹಜೀರಾಬಿ ರೆಪ್ಪೆ ಮಿಟುಕಿಸಲಿಲ್ಲ, ತಿರುಗಿ ನೋಡಲೂ ಇಲ್ಲ. ಟೆಂಪೋ ಹೊರಟ ಸದ್ದು ಕೇಳಿದ ಮೇಲೇ ಅವಳು ಹಳಿ ಬಿಟ್ಟು ಇಳಿದದ್ದು.

ಇನ್ನೂ ಹದಿನೈದು ನಿಮಿಷ ಆದ ಮೇಲೆ ಫೋನು ಬಡ್ಕೊಂತು. ಸ್ಟೇಷನ್ ಮಾಸ್ಟರು ನಗ್ತಾ ಅವ್ರೆ. “ಹಜೀರಾಬಿ, ಬಾಲ ತುಂಡಾಗಿಲ್ಲಮ್ಮ. ಒಂದು ಬಾಲ ಜಾಸ್ತಿ ಇದೆ!” ಯಾವ್ದೋ ಯಾರ್ಡಲ್ಲಿ ಬೋರ್ಡು ನೇತು ಹಾಕಿ ಆದ ಮೇಲೆ ಅದರ ಹಿಂದೆ ಇನ್ನೊಂದು ಡಬ್ಬಿ ಜೋಡಿಸಿದಾರೆ. ಬೋರ್ಡನ್ನ ಕಿತ್ತು ಹೊಸ ಡಬ್ಬಿಗೆ ಹಾಕೋದು ಮರೆತವ್ರೆ. ಎರಡು ಡಬ್ಬಿ ಸಂದೀಲಿ ಅದು ಹೊಸ ಸೊಸೆ ಥರ ಮುಖ ಮುಚ್ಕೊಂಡು ಬಂದದೆ.

ಗೇಟು ಎತ್ತಿದ್ಲು, ಸಾಲು ಕರಗ್ತು. ಆದ್ರೆ ಹಜೀರಾಬಿಗೆ ಚಾ ಇಳೀಲಿಲ್ಲ. ಬಾಲವೇ ಕಳ್ಕೊಳ್ಳದ ಗಾಡಿಗೋಸ್ಕರ ಒಂದು ಮಗು ಕಳ್ಕೊಂಡ್ರೆ? “ಆ ಎರಡು ಗಂಟೆ ಹೆಂಗೆ ಕಳೆದೆ ಅಂತ ಅಲ್ಲಾನಿಗೇ ಗೊತ್ತು. ಮೂರು ಗೂಡ್ಸು ನೋಡ್ದೆ. ಎಲ್ಲ ಚಕ್ರದಲ್ಲೂ ಆ ಹುಡುಗಿ ಮುಖಾನೇ ಕಂಡದ್ದು” ಅಂತಾಳೆ.

ಹತ್ತು ಗಂಟೆಗೆ ಲಕ್ಕಣ್ಣ ದೂರದಿಂದಲೇ ಹಾರ್ನ್ ಒತ್ಕೊಂಡು ಬಂದ. “ಹೆಣ್ಣು ಮಗು ಹಜೀರಕ್ಕ! ಆಸ್ಪತ್ರೆ ಮೆಟ್ಲು ಹತ್ತಿಸಿ ಹತ್ತು ನಿಮಿಷಕ್ಕೇ ಆಯ್ತು. ತಾಯಿ ಮಗು ಇಬ್ರೂ ಚೆನ್ನಾಗವ್ರೆ. ನನ್ನ ಟೆಂಪೋಲೇ ಆಗಿಬಿಟ್ಟಿದ್ರೆ ಟಯರ್ ಬದ್ಲು ನಾನೇ ಪಂಕ್ಚರ್ ಆಗ್ತಿದ್ದೆ!” ಹಜೀರಾಬಿ ಗೇಟಿನ ಕಟ್ಟೆ ಮೇಲೆ ಕುಸಿದು ಕೂತು, ಬಾವುಟದಲ್ಲೇ ಕಣ್ಣೊರೆಸ್ಕೊಂಡ್ಲು. ಆಮೇಲೆ ಒಂದೇ ಸಮ ಮೂರು ಲೋಟ ಚಾ ಕುಡಿದ್ಲು. ಧೂಳು ಸಮೇತ.

ತಿಂಗಳು ತುಂಬಿದ ಮೇಲೆ ಕಾಶಮ್ಮ ಮೊಮ್ಮಗಳನ್ನ ಎತ್ಕೊಂಡು ಗೇಟಿನ ಹತ್ರ ಬಂದವ್ಳೆ. ಹಿಂದೆ ಮಹೇಂದ್ರ, ತಲೆ ತಗ್ಗಿಸ್ಕೊಂಡು. ಕಾಶಮ್ಮ ಮಗೂನ ಇವಳ ಮಡಿಲಿಗೆ ಹಾಕಿ, “ಅವತ್ತು ಬಾಯಿಗೆ ಬಂದಂಗೆ ಬೈದುಬಿಟ್ಟೆ ಹಜೀರಮ್ಮ. ಮನಸಲ್ಲಿ ಇಟ್ಕೋಬೇಡ” ಅಂದ್ಲು.

ಹಜೀರಾಬಿ ಮಗು ಮೇಲಿನ ಕಣ್ಣು ತೆಗೀದೆ ನಗ್ತಾಳೆ. “ಬೈಯೋರು ಬೈಲಿ ಬಿಡಕ್ಕ. ಹನ್ನೆರಡು ವರ್ಷದಲ್ಲಿ ಈ ಗೇಟಲ್ಲಿ ನನ್ನ ಬೈದೋರು ಸಾವಿರಾರು ಜನ. ಒಬ್ರೂ ಕಮ್ಮಿ ಆಗ್ದಂಗೆ ಎಲ್ರೂ ಮನೆ ಸೇರವ್ರೆ.”