ನಿನ್ನ ಲೇಖನಕ್ಕೆ ನಾನು ಬರೆದ ಷರಾ

ಸವಿತಾ, ನಿನ್ನ ಲೇಖನ ಪ್ರಕಟಣೆಗೆ ಯೋಗ್ಯವಲ್ಲ ಎಂದು ಬರೆದವಳು ನಾನು. ಆ ವಿಮರ್ಶಕರು ಯಾರೋ ದೂರದೂರಿನ ಹಿರಿಯ ವಿಜ್ಞಾನಿ ಇರಬೇಕೆಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೀಯ. ಅಲ್ಲ. ನಾನು — ನಿನ್ನ ರತ್ನ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಹೇಳುತ್ತೇನೆ. ಮೊದಲಿಂದ ಹೇಳದಿದ್ದರೆ ನಡುವೆ ಎಲ್ಲೋ ಜಾರಿಕೊಂಡುಬಿಡುತ್ತೇನೆ ಎಂಬ ಭಯ ನನಗಿದೆ.

ನೀನು ಮಾಗಡಿ ಕಡೆಯ ಗುಡೇಮಾರನಹಳ್ಳಿಯವಳು, ನಾನು ಕನಕಪುರದಾಚೆಯ ಕೋಡಿಹಳ್ಳಿಯವಳು. ಇಬ್ಬರ ಮನೆಯಲ್ಲೂ ರೇಷ್ಮೆಹುಳು ಸಾಕುತ್ತಿದ್ದರು. ಇಬ್ಬರೂ ರೇಷ್ಮೆ ವಿಜ್ಞಾನವನ್ನೇ ಓದಿ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ಅಲ್ಲಿಂದಲೇ ಶುರುವಾಯಿತೇನೋ. ನಾನು ಪುಸ್ತಕ ತಿರುವಿ ತಿರುವಿ ಹೇಳುತ್ತಿದ್ದುದನ್ನು ನೀನು ಪುಸ್ತಕ ತೆರೆಯದೆಯೇ ಹೇಳಿಬಿಡುತ್ತಿದ್ದೆ. ನನ್ನ ಉತ್ತರಕ್ಕೆ ಮೇಷ್ಟ್ರು 'ಸರಿ' ಎನ್ನುತ್ತಿದ್ದರು. ನೀನು ಬಾಯಿ ತೆರೆದರೆ ಸೀಮೆಸುಣ್ಣ ಕೆಳಗಿಟ್ಟು ನಿನ್ನ ಕಡೆ ತಿರುಗುತ್ತಿದ್ದರು. ಹಾಗೆ ಯಾರಾದರೂ ನನ್ನ ಕಡೆ ತಿರುಗಬೇಕು ಎಂಬ ಆಸೆ — ಅದು ಯಾವತ್ತೂ ತೀರಲಿಲ್ಲ.

ಸಂಶೋಧನಾ ಕೇಂದ್ರದಲ್ಲಿ ಕಾಯಂ ಕೆಲಸ ಮೊದಲು ಸಿಕ್ಕಿದ್ದು ನನಗೆ. ಗೆದ್ದೆ ಅಂದುಕೊಂಡೆ. ನೀನು ಪ್ರಾಜೆಕ್ಟಿನ ಹಂಗಾಮಿ ಕೆಲಸ ಹಿಡಿದು, ಸ್ಕೂಟಿ ಮೇಲೆ ಹುಳುಮನೆಯಿಂದ ಹುಳುಮನೆಗೆ ಸುತ್ತುತ್ತಿದ್ದೆ.

ಆಗಲೇ ಒಂದು ವಿಜ್ಞಾನ ಪತ್ರಿಕೆಯವರು ಲೇಖನವೊಂದನ್ನು ನನಗೆ ಅಭಿಪ್ರಾಯಕ್ಕೆ ಕಳಿಸಿದರು. ವಿಷಯ ಬಲ್ಲ ಇಬ್ಬರು ಓದಿ ಒಪ್ಪಿದ ಮೇಲೆಯೇ ಸಂಶೋಧನೆ ಅಚ್ಚಾಗುವುದು. ಬರೆದವರು ಯಾರೆಂದು ಓದುವವರಿಗೆ ಹೇಳುವುದಿಲ್ಲ, ಓದಿದವರು ಯಾರೆಂದು ಬರೆದವರಿಗೂ ಹೇಳುವುದಿಲ್ಲ. ಆದರೆ ಮೊದಲ ಪುಟದಲ್ಲೇ ನೀನೆಂದು ತಿಳಿಯಿತು. ನೀನು ಸುತ್ತುತ್ತಿದ್ದ ಮಾಗಡಿ ತಾಲ್ಲೂಕಿನ ಶೀಟಿನ ಚಾವಣಿಯ ಹುಳುಮನೆಗಳು. ಚಾವಣಿಗೆ ತೆಂಗಿನ ಗರಿ ಹೊದಿಸಿದ ಕಡೆ ಬೇಸಿಗೆಯಲ್ಲೂ ಹುಳುಗಳಿಗೆ ಹಾಲುತೊಂಡೆ ರೋಗ ಕಡಿಮೆ. ಮೇಲೆ ಉದುರಿಸುವ ಔಷಧಿ ಪುಡಿಗಿಂತ ಒಳಗಿನ ತಂಪು ಹೆಚ್ಚು ಕಾಯುತ್ತದೆ ಎಂದು ನೀನು ತೋರಿಸಿದ್ದೆ. ಆ ಪುಡಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡುತ್ತಿದ್ದವಳು ನಾನು.

ಪುಡಿಯ ವಿಷಯ ಹೇಗೋ ನುಂಗಿಕೊಳ್ಳುತ್ತಿದ್ದೆ. ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಕೋಡಿಹಳ್ಳಿಯ ನಮ್ಮ ಹುಳುಮನೆಗೂ ಶೀಟೇ ಹಾಕಿತ್ತು. ಮಧ್ಯಾಹ್ನ ಸೊಪ್ಪು ಹಾಕಲು ಒಳಗೆ ಹೋದರೆ ಉಸಿರು ಕಟ್ಟುತ್ತಿತ್ತು. ಆ ಪ್ರಶ್ನೆ ನನ್ನ ನೆತ್ತಿಯ ಮೇಲೆಯೇ ಇತ್ತು — ನನಗೆ ಹೊಳೆಯಲಿಲ್ಲ, ನಿನಗೆ ಹೊಳೆಯಿತು.

ಇದು ನನ್ನ ಗೆಳತಿಯ ಕೆಲಸ, ನಾನು ತೂಗಲಾರೆ ಎಂದು ವಾಪಸ್ ಕಳಿಸಬೇಕಿತ್ತು. ಕಳಿಸಲಿಲ್ಲ. 'ಅಭ್ಯಾಸಕ್ಕೆ ಆರಿಸಿದ ಹುಳುಮನೆಗಳ ಸಂಖ್ಯೆ ಸಾಲದು. ಲೆಕ್ಕಾಚಾರದಲ್ಲಿ ದೋಷಗಳಿವೆ. ಸ್ಥಳೀಯ ಮಹತ್ವದ್ದು ಮಾತ್ರ' — ಹೀಗೆ ಬರೆಯುತ್ತ ಹೋದೆ. ಅಚ್ಚಾಗಿದ್ದ ನನ್ನ ಲೇಖನಗಳಲ್ಲಿ ಅಷ್ಟೂ ಹುಳುಮನೆಗಳಿರಲಿಲ್ಲ. ನಿನ್ನ ಲೆಕ್ಕವನ್ನು ನಾನೇ ಕೂತು ಮಾಡಿ ನೋಡಿದ್ದೆ. ತಪ್ಪು ಹುಡುಕಬೇಕೆಂದೇ ಮಾಡಿದ್ದೆ. ಒಂದೂ ಸಿಗಲಿಲ್ಲ. ಸಿಗದಿದ್ದರೂ ಬರೆದೆ.

ಆಮೇಲೆ ನೀನು ಕನಕಪುರದ ನನ್ನ ಮನೆಗೆ ಬಂದೆ, ಇಬ್ಬರ ಷರಾಗಳನ್ನೂ ಪ್ರಿಂಟ್ ತೆಗೆಸಿಕೊಂಡು. ಇನ್ನೊಬ್ಬರು ಚಿಕ್ಕದಾಗಿ, ಪ್ರಕಟಿಸಬಹುದು ಎಂದಿದ್ದರು. ನನ್ನದು ಉದ್ದವಾಗಿತ್ತು. ಸಂಪಾದಕರು ಉದ್ದವಾದದ್ದನ್ನೇ ನಂಬಿದ್ದರು.

"ಒಸಿ ಓದಿ ನೋಡೇ ರತ್ನ," ಅಂದೆ ನೀನು. "ಇದ್ ಬರ್ದಿರೋರು ಬಾಳ ತಿಳ್ದೋರು ಕಣೇ. ನಂಗೆ ಕಾಣ್ದಿರೋ ತಪ್ಪು ಏನೋ ಐತೆ. ಎಲ್ಲೈತೆ ಅಂತ ನೀನಾದ್ರೂ ಹುಡುಕ್ಕೊಡೇ."

ನಾನು ಬರೆದದ್ದನ್ನೇ ನಾನು ಮೊದಲ ಸಲ ಓದುವವಳಂತೆ ಓದಿದೆ. ಹಣೆ ಗಂಟಿಕ್ಕಿದೆ. ಆಮೇಲೆ ಹೇಳಿದೆ —

"ಲೆಕ್ಕದಲ್ಲೇ ಎಲ್ಲೋ ಎಡವಿದ್ದೀಯ ಸವಿ."

ನೀನು ತಲೆಯಾಡಿಸಿದೆ. ನಾನು ನಿನ್ನ ಕೈ ಹಿಡಿದುಕೊಂಡು ಸಮಾಧಾನ ಮಾಡಿದೆ, ಕಾಫಿ ಕೊಟ್ಟೆ, ಬಸ್‌ಸ್ಟ್ಯಾಂಡಿನವರೆಗೂ ಬಂದು ಕಳಿಸಿದೆ. ಇದನ್ನೂ ಹೇಳಿಬಿಡಬೇಕು: ಬಸ್ಸಿನ ಕಿಟಕಿಯಲ್ಲಿ ಸೋತುಹೋದ ನಿನ್ನ ಮುಖ ಕಂಡಾಗ ನನಗೆ ಹಗುರವೆನಿಸಿತು. ಪಾಪ ಎನಿಸಿದ್ದು ಆಮೇಲೆ. ಮೊದಲು ಬಂದದ್ದು — ಸಂತೋಷ.

ನೀನು ಇನ್ನೊಂದು ಬೇಸಿಗೆ ಅದೇ ಕೆಲಸವನ್ನು ಮೊದಲಿಂದ ಮಾಡಿದೆ. ಅಷ್ಟರಲ್ಲಿ ನಮ್ಮ ಕೇಂದ್ರದಲ್ಲಿ ಹುದ್ದೆಯೊಂದು ಖಾಲಿಯಾಗಿ ಸಂದರ್ಶನ ನಡೆಯಿತು. ತೋರಿಸಲು ನಿನ್ನ ಬಳಿ ಅಚ್ಚಾದ ಲೇಖನವಿರಲಿಲ್ಲ, ಬೇರೊಬ್ಬರು ಬಂದರು. ಪ್ರಾಜೆಕ್ಟೂ ಮುಗಿಯಿತು, ಆ ಲೇಖನವನ್ನು ನೀನು ಮತ್ತೆ ಎಲ್ಲಿಗೂ ಕಳಿಸಲಿಲ್ಲ. ನೀನು ಚನ್ನಪಟ್ಟಣದ ಕಾಲೇಜಿನಲ್ಲಿ ಪಾಠ ಹೇಳಲು ಸೇರಿಕೊಂಡೆ. ಕೆಲವು ವರ್ಷಗಳಾದ ಮೇಲೆ ಬೇರೆ ರಾಜ್ಯದವರು ನೀನು ಕಂಡದ್ದನ್ನೇ ಕಂಡು ಪ್ರಕಟಿಸಿದರು. ಅವರ ಹೆಸರನ್ನು ನನ್ನ ಲೇಖನದಲ್ಲಿ ಉಲ್ಲೇಖಿಸಿದೆ.

ಹೋದ ತಿಂಗಳು ರಾಮನಗರದಲ್ಲಿ ನಮ್ಮ ಕೇಂದ್ರ ನಡೆಸಿದ ತರಬೇತಿಗೆ ನೀನು ವಿದ್ಯಾರ್ಥಿಗಳನ್ನು ಕರೆತಂದಿದ್ದೆಯಲ್ಲ. ಊಟದ ಹೊತ್ತಿಗೆ ಒಬ್ಬ ಹುಡುಗಿ ಕೇಳಿದಳು, ನೀವ್ಯಾಕೆ ಮೇಡಂ ರಿಸರ್ಚ್ ಮಾಡಲಿಲ್ಲ ಎಂದು. ನೀನು ನಕ್ಕೆ.

"ಮಾಡ್ದೆ ಕಣಮ್ಮ, ನಂಗ್ ಹತ್ತಲಿಲ್ಲ. ಲೆಕ್ಕದಲ್ಲಿ ಎಡವ್ತಿದ್ದೆ. ನಮ್ ರತ್ನನೇ ಹೇಳಿದ್ಲು, ಬೇಕಾದ್ರೆ ಕೇಳು."

ನಿನ್ನ ದನಿಯಲ್ಲಿ ಕಹಿಯಿರಲಿಲ್ಲ. ಆ ಹುಡುಗಿ ನಿನ್ನ ಬಾಯನ್ನೇ ನೋಡುತ್ತಿದ್ದಳು, ನೀನು ಸೋತೆ ಎಂದರೂ ನಂಬದವಳಂತೆ — ಆಗಲೂ, ಸವಿ, ಆ ಗಳಿಗೆಯಲ್ಲೂ ನನಗೆ ಹೊಟ್ಟೆಕಿಚ್ಚಾಯಿತು. ನನ್ನನ್ನು ಯಾರೂ ಹಾಗೆ ನೋಡಿಲ್ಲ. ಅವಳು ನನ್ನ ಕಡೆ ತಿರುಗಿದಾಗ ನಾನು ತಟ್ಟೆ ಎತ್ತಿಕೊಂಡು ಎದ್ದುಹೋದೆ.

ಮನೆಗೆ ಬಂದ ಮೇಲೆ ಹೊಳೆಯಿತು: ನಾನು ಕಿತ್ತುಕೊಂಡದ್ದು ಬರೀ ಒಂದು ಹುದ್ದೆ ಅಂದುಕೊಂಡಿದ್ದೆ. ನಿನ್ನ ಬುದ್ಧಿಯ ಮೇಲೆ ನಿನಗಿದ್ದ ಭರವಸೆಯನ್ನೇ ತೆಗೆದುಬಿಟ್ಟಿದ್ದೆ, ಅದೂ ಗೆಳತಿಯಾಗಿ ಪಕ್ಕದಲ್ಲಿ ಕೂತು.

ಪತ್ರಿಕೆಯ ಸಂಪಾದಕರಿಗೆ, ನಮ್ಮ ನಿರ್ದೇಶಕರಿಗೆ ಎಲ್ಲವನ್ನೂ ತಿಳಿಸಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಅದರಿಂದ ನಿನ್ನ ವರ್ಷಗಳು ಬರುವುದಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ.

ನಿನ್ನ ಲೆಕ್ಕ ಸರಿಯಿತ್ತು ಸವಿ. ಆ ಹುಡುಗಿಯನ್ನು ಕರೆದು ಹೇಳು. ನನ್ನ ಹೆಸರು ಹಿಡಿದೇ ಹೇಳು.