ಒಂದು ಗಂಟೆ ಹನ್ನೊಂದನೇ ನಿಮಿಷ

ಬೆಂಕಿಪೊಟ್ಟಣದಂಥ ಕ್ಯಾಬಿನ್ನಿನಲ್ಲಿ ಇಪ್ಪತ್ತಾರು ವರ್ಷ ಚಿತ್ರ ಓಡಿಸಿದ ಆಪರೇಟರನನ್ನು ಯಾವ ಚಿತ್ರವೂ ಹೀಗೆ ಕಾಡಿರಲಿಲ್ಲ. ಪ್ರಶಸ್ತಿಗಳನ್ನೆಲ್ಲ ಬಾಚಿಕೊಂಡು ಬಂದ ಸಂಸಾರದ ಕಥೆ. ಮಗಳನ್ನು ಕಳೆದುಕೊಂಡ ತಂದೆ ತಾಯಿಯದು. ಊರಿಗೆ ಊರೇ ಕರವಸ್ತ್ರ ಹಿಡಿದು ಬರುತ್ತಿತ್ತು. ಅವನ ಸ್ವಂತ ಮಗಳು ಜ್ವರದಲ್ಲಿ ತೀರಿಕೊಂಡು ಎಂಟು ತಿಂಗಳಾಗಿತ್ತು, ಅಷ್ಟೇ.

ಚಿತ್ರ ಓಡುವಾಗ ಆಪರೇಟರ್ ಕ್ಯಾಬಿನ್ ಬಿಟ್ಟು ಕದಲುವಂತಿಲ್ಲ. ಅಲ್ಲಿನ ಆಂಪ್ಲಿಫೈಯರೋ ಓಬೀರಾಯನ ಕಾಲದ್ದು. ಒಂದು ಗಂಟೆ ಹನ್ನೊಂದನೇ ನಿಮಿಷಕ್ಕೆ ತಾಯಿ ಮಗಳ ಬಟ್ಟೆ ಮಡಿಸುತ್ತಾ ಪಿಸುಗುಟ್ಟುವಾಗ ಅವನೇ ಕೈಯಾರೆ ಸದ್ದು ಏರಿಸಬೇಕು. ದಿನಕ್ಕೆ ನಾಲ್ಕು ಸಲ. ಕಿವಿಗೆ ಹತ್ತಿ ತುರುಕಿಕೊಂಡು ನೋಡಿದ. ಸದ್ದು ಎಕ್ಕುಟ್ಟಿಹೋಗಿ ಮ್ಯಾನೇಜರ್ ಬಂದು ಮೈಚಳಿ ಬಿಡಿಸಿದ.

ಮೊದಲ ವಾರವೆಲ್ಲ ಹೆಂಡತಿ ಕೇಳಿದಳು. "ನಂಗೂ ಆ ಪಿಕ್ಚರ್ ತೋರ್ಸಿ."

"ಟಿಕೆಟ್ ಸಿಗ್ತಿಲ್ಲ ಕಣೇ" ಎಂದ ಈ ಮಹಾನುಭಾವ, ಥಿಯೇಟರಿನಲ್ಲೇ ಬದುಕು ಸವೆಸಿದವನು! ಅವಳು ಕುಸಿದುಬಿಟ್ಟಾಳೆಂಬ ಭಯ. ಅದಕ್ಕೇ ಮನೆಯಲ್ಲಿ ಮಗಳ ಹೆಸರೆತ್ತುವಂತಿರಲಿಲ್ಲ, ಫೋಟೋ ಕೂಡ ಅಟ್ಟ ಸೇರಿತ್ತು. ಎರಡನೇ ವಾರ ಅವಳು ಕೇಳುವುದನ್ನು ಬಿಟ್ಟಳು. ಸದ್ಯ, ಗೆದ್ದೆ ಎಂದುಕೊಂಡ.

ನಾಲ್ಕನೇ ವಾರದ ಒಂದು ಮಧ್ಯಾಹ್ನ ಕಿಂಡಿಯಲ್ಲಿ ಇಣುಕಿದರೆ, ಮೂರನೇ ಸಾಲಿನ ತುದಿಯಲ್ಲಿ ಅವಳು ಒಬ್ಬಳೇ ಕೂತಿದ್ದಾಳೆ. ಓಡಿಹೋಗಿ ಎಬ್ಬಿಸಿಕೊಂಡು ಬರುವಂತಿಲ್ಲ. ಹನ್ನೊಂದನೇ ನಿಮಿಷ ಬಂದೇಬಂತು. ಗುಂಡಿ ಒತ್ತಿ ಪರದೆಯನ್ನು ಕತ್ತಲು ಮಾಡಿಬಿಟ್ಟ.

"ಕರೆಂಟ್ ಹೋಯ್ತು!" ಎಂದು ಕಿಂಡಿಯಿಂದ ಕೂಗಿದ.

"ಹಂಗಾದ್ರೆ ಫ್ಯಾನ್ ನಿಮ್ಮಪ್ಪ ತಿರುಗಿಸ್ತಿದ್ದಾನೇನಯ್ಯಾ?" ಎಂದಿತು ಕತ್ತಲಿನಿಂದ ಒಂದು ಗಂಟಲು. ಹಾಲಿಗೆ ಹಾಲೇ ಶಿಳ್ಳೆ ಹೊಡೆಯತೊಡಗಿತು.

ಯಾರೋ ಬಾಗಿಲು ದಬದಬ ಬಡಿದರು. ಮ್ಯಾನೇಜರ್ ಇರಬೇಕೆಂದು ತೆರೆದರೆ ಹೆಂಡತಿ, ಏದುಸಿರು ಬಿಡುತ್ತಾ ನಿಂತಿದ್ದಾಳೆ.

"ನೀವೇ ನಿಲ್ಸಿದ್ದು, ಅಲ್ವಾ?"

"ನಿನ್ ಕೈಲಿ ನೋಡಕ್ಕಾಗಲ್ಲ ಕಣೇ. ಮುಂದೆ ಆ ತಾಯಿ..."

"ಗೊತ್ತು. ನಾನು ನೋಡ್ತಿರೋದು ಇದು ಒಂಬತ್ತನೇ ಸಲ."

ಅವನು ಕಿಂಡಿಯತ್ತ ತಿರುಗಿ ನೋಡಿದ.

"ಯಾವಾಗ್ಲೂ ಕೊನೇ ಸಾಲಲ್ಲಿ, ನಿಮ್ಮ ಕಿಂಡಿ ಕೆಳಗೇ ಕೂರ್ತಿದ್ದೆ. ಇವತ್ತು ಅಲ್ಲಿ ಸೀಟ್ ಸಿಗ್ಲಿಲ್ಲ. ಮನೇಲಂತೂ ಅಳೋಕೆ ನೀವು ಬಿಡಲ್ಲ. ಇಲ್ಲಾದ್ರೆ ಎಲ್ರೂ ಅಳ್ತಿರ್ತಾರೆ, ಯಾಕೆ ಅಂತ ಯಾರೂ ಕೇಳಲ್ಲ. ಹಾಕಿ, ನಾನು ಹೋಗಿ ಕೂತ್ಕೋತೀನಿ."

ಅವಳು ಮೆಟ್ಟಿಲಿಳಿದು ಹೋದಳು. ಹಿಂದೆಯೇ ಹೋಗಿ ಪಕ್ಕದಲ್ಲಿ ಕೂರಬೇಕೆಂದು ಅವನ ಜೀವ ಹಾತೊರೆಯಿತು. ಚಿತ್ರ ಇನ್ನೂ ಐವತ್ತು ನಿಮಿಷ ಬಾಕಿಯಿತ್ತು. ಅವನು ಬಾಗಿಲು ಹಾಕಿಕೊಂಡು ಗುಂಡಿ ಒತ್ತಿದ.