ದೋಣಿಯ ಹಸಿರು

ನ್ಯೂಫೌಂಡ್‌ಲ್ಯಾಂಡಿನ ಆ ಮೀನುಗಾರರ ಊರಿನಲ್ಲಿ ದೋಣಿ ನೋಡಿದರೆ ಸಾಕು, ಮನೆ ಯಾವುದೆಂದು ತಿಳಿಯುತ್ತದೆ. ದೋಣಿಗೆ ಬಳಿದು ಮಿಕ್ಕ ಬಣ್ಣವೇ ಮನೆಗೂ. ಫಿಲೊಮಿನಾಳ ಗಂಡ ಲಿಯೊ, ಮಂಡಿಯ ಆಪರೇಷನ್ ಆಗಿ ಮತ್ತೆ ಓಡಾಡುವಂತಾದ ಖುಷಿಗೆ, ಹೆಂಡತಿ ಕೂತು ಫೋಟೋ ತಿದ್ದುವ ಕೋಣೆಗೂ ತನ್ನ ದೋಣಿಯ ಹಸಿರನ್ನೇ ಬಳಿದ. ಕಣ್ಣಿಗೆ ರಾಚುವ ಹಸಿರು. "ಚೆನ್ನಾಗಿದೆ" ಅಂದಳು ಅವಳು. ಚೆನ್ನಾಗಿಯೂ ಇತ್ತು.

ಆ ವಾರ ಅವಳು ಕೂತದ್ದು ಕ್ಲೆಮ್‌ನ ಫೋಟೋ ತಿದ್ದಲು. ಪಕ್ಕದ ಮನೆ ಡಲ್ಸಿಯ ಗಂಡ, ಚಳಿಗಾಲದಲ್ಲಿ ತೀರಿಕೊಂಡವನು. ಅವನು ನಗುತ್ತಿರುವ ಫೋಟೋ ಅಂತ ಇದ್ದದ್ದು ಅದೊಂದೇ. ಭಾನುವಾರ ಚರ್ಚಿನಲ್ಲಿ ಅವನಿಗಾಗಿ ಪ್ರಾರ್ಥನೆ, ಅಲ್ಲಿಡಬೇಕು. ಮುಖ ಯಾಕೋ ಅತಿ ಕೆಂಪು ಅನ್ನಿಸಿ, ಕಂಪ್ಯೂಟರಿನಲ್ಲಿ ಕೆಂಪನ್ನು ಚೂರುಚೂರೇ ಇಳಿಸಿ, ಪ್ರಿಂಟ್ ತೆಗೆದುಕೊಂಡು ಹೋದಳು.

ಡಲ್ಸಿ ಅಡುಗೆಮನೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಮಿನಾ, ಜೀವಮಾನವೆಲ್ಲ ಸಮುದ್ರದಲ್ಲಿದ್ದ ಮನುಷ್ಯ ಕಣೇ. ಒಂದು ದಿನ ದೋಣೀಲಿ ವಾಂತಿ ಮಾಡ್ಕೊಂಡವನಲ್ಲ. ಇಲ್ಲಿ ನೋಡು, ಈಗ ಕಕ್ತೀನಿ ಅನ್ನೋ ಹಾಗೆ ನಿಂತಿದ್ದಾನೆ!"

ನಗುತ್ತಲೇ ಅಂದಳು, ಕಣ್ಣು ಮಾತ್ರ ತುಂಬಿತ್ತು. ನಿಜವೇ. ಆ ಬೆಳಕಿನಲ್ಲಿ ಕ್ಲೆಮ್ ಪಾಚಿಗಟ್ಟಿದ್ದ.

ಕೋಣೆಗೆ ತಂದು ನೋಡಿದರೆ ಮತ್ತೆ ಸರಿ! ಫಿಲೊಮಿನಾ ಹೊರಗೆ ಮೆಟ್ಟಿಲ ಮೇಲೆ ಕೂತು, ಟೀ ಮುಗಿಯುವವರೆಗೆ ಮಂಜನ್ನೇ ನೋಡಿದಳು. ಒಳಗೆ ಬಂದ ಮೊದಲ ಗಳಿಗೆ ಪರದೆಯ ಮೇಲಿನ ಮುಖ ಹಸಿರು. ಕೂತು ಸ್ವಲ್ಪ ಹೊತ್ತಾಗುತ್ತಲೇ ಆ ಹಸಿರು ಮಾಯ. ಗೋಡೆ ನೋಡಿ ನೋಡಿ ಕಣ್ಣು ಹಸಿರನ್ನು ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೇ ಕ್ಲೆಮ್‌ನ ಮುಖ ಅತಿ ಕೆಂಪಾಗಿ ಕಂಡದ್ದು.

ಲಿಯೊಗೆ ಹೇಳುವುದು ಹೇಗೆ? ಅವನೇ ಬಾಗಿಲಿಗೆ ಬಂದ. "ಏನೇ, ಗೋಡೆ ಜೊತೆ ಜಗಳಕ್ಕೆ ನಿಂತಿದ್ದೀಯಾ?"

ಹೇಳಿದಳು. ಅವನು ಗೋಡೆಯನ್ನೊಮ್ಮೆ ಸವರಿದ.

"ಯಾವ ಬಣ್ಣ ಬೇಕು ಹಾಗಾದ್ರೆ?"

"ಬೂದಿ. ಹೊರಗಿನ ಮಂಜಿನ ಥರ."

"ದೇವರೇ! ಈ ಊರಲ್ಲಿ ಮಂಜನ್ನೂ ಅಂಗಡಿಯಿಂದ ತರೋ ಹಾಗಾಯ್ತಲ್ಲ."

ಗೊಣಗುತ್ತಲೇ, ಆಪರೇಷನ್ ಆದ ಮಂಡಿ ಮತ್ತೆ ಊದಿದರೂ ಏಣಿ ಹತ್ತಿ ಬಳಿದು ಮುಗಿಸಿದ. ಬಾಗಿಲ ಹೊರಮೈ ಮಾತ್ರ ಹಸಿರಾಗೇ ಬಿಟ್ಟ. ಅವಳಿಗೂ ಅದೇ ಬೇಕಿತ್ತು.

ಭಾನುವಾರ ಬೆಳಿಗ್ಗೆ ಡಲ್ಸಿ, ಬೂದಿ ಗೋಡೆಗಳ ನಡುವೆ ಮತ್ತೆ ತಿದ್ದಿದ ಹೊಸ ಪ್ರಿಂಟನ್ನು ಅದೇ ಕಿಟಕಿಗೆ ಹಿಡಿದಳು. ಗಾಳಿಗೆ ಸುಟ್ಟ ಕೆನ್ನೆ, ಕೆಂಪು ಮೂಗು.

"ಬಂದ ನೋಡು! ಟೀ ಎಲ್ಲಿ ಅಂತ ಈಗ ಬೈತಾನೆ."

"ಅವತ್ತು ದಾಕ್ಷಿಣ್ಯಕ್ಕೆ ಚೆನ್ನಾಗಿದೆ ಅನ್ನಲಿಲ್ಲವಲ್ಲ ನೀನು, ಪುಣ್ಯಾತ್ಗಿತ್ತಿ," ಅಂದಳು ಫಿಲೊಮಿನಾ.

"ದಾಕ್ಷಿಣ್ಯ ನನ್ನ ಹತ್ರ ಎಲ್ಲಿತ್ತೇ?" ಡಲ್ಸಿ ಕೆಟಲ್ ಒಲೆಗಿಟ್ಟಳು.

ಮನೆಗೆ ಬಂದ ಫಿಲೊಮಿನಾ ಬಿಸಿನೀರಿನ ಚೀಲ ತುಂಬಿ, ಕೇಳದೆಯೇ, ಲಿಯೊನ ಮಂಡಿಯ ಮೇಲಿಟ್ಟು ಪಕ್ಕದಲ್ಲಿ ಕೂತಳು.